ಪತ್ನಿವಿಯೋಗದ ನಂತರದ ಐವತ್ತು ವರ್ಷ: ಡಿವಿಜಿ ಬದುಕಿನ ಇನ್ನೊಂದು ಮುಖ

ಮುಳಬಾಗಿಲು: ಕೋಲಾರದಿಂದ ದೇವರಾಯಸಮುದ್ರದ ಮಾರ್ಗವಾಗಿ ಪೂರ್ವಕ್ಕೆ ಸಾಗಿದರೆ ಮುಳಬಾಗಿಲು. ಡಿವಿಜಿ ಎಂದೇ ನಾಡಿಗೆ ಪರಿಚಿತರಾದ ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪನವರು 1887ರ ಮಾರ್ಚ್ 17ರಂದು ಜನಿಸಿದ್ದು ಇಲ್ಲಿ. ಕವಿ, ಪತ್ರಕರ್ತ, ರಾಜ್ಯಶಾಸ್ತ್ರಜ್ಞ ಎಂದು ಅವರ ಬಗ್ಗೆ ಬಂದಿರುವ ಬರಹಗಳಿಗೆ ಲೆಕ್ಕವಿಲ್ಲ. ಆದರೆ ನಡುವಯಸ್ಸಿನಲ್ಲಿ ಪತ್ನಿಯನ್ನು ಕಳೆದುಕೊಂಡು ಮತ್ತೆ ಅರ್ಧ ಶತಮಾನ ಬಾಳಿದ ಗೃಹಸ್ಥನ ಕಥೆ ಆ ಬರಹಗಳಲ್ಲಿ ಒಂದೆರಡು ಸಾಲಿಗೇ ಮುಗಿದುಬಿಡುವುದುಂಟು.

ಮೆಟ್ರಿಕ್ಯುಲೇಷನ್ ದಾಟದ ಗುಂಡಪ್ಪನವರು ಹೊಟ್ಟೆಪಾಡಿಗೆ ಸೋಡಾ ಕಾರ್ಖಾನೆಯಲ್ಲಿ ದುಡಿದರು. ಬೆಂಗಳೂರಿಗೆ ಬಂದು ಜಟಕಾ ಗಾಡಿಗಳಿಗೆ ಬಣ್ಣ ಹಚ್ಚುವ ಕೆಲಸಕ್ಕೂ ಸೇರಿದರು. ಬಳಿಕ ಪತ್ರಿಕಾವೃತ್ತಿ ಕೈ ಹಿಡಿಯಿತು. 'ಕರ್ನಾಟಕ' ಎಂಬ ಇಂಗ್ಲಿಷ್ ಪತ್ರಿಕೆ ಅವರಿಗೆ ಹೆಸರು ತಂದಿತೇ ಹೊರತು ಹಣ ತರಲಿಲ್ಲ. ಬಂಧುಗಳ ಮನೆಯ ಸಮಾರಂಭಕ್ಕೆ ಉಟ್ಟು ಹೋಗಲು ಹರಿಯದ ಸೀರೆಯಿಲ್ಲದೆ, ಪತಿಯ ಮರ್ಯಾದೆಗೆ ಕುಂದು ಬರಬಾರದೆಂದು ಮನೆಯಲ್ಲೇ ಉಳಿದ ಪತ್ನಿ ಭಾಗೀರಥಮ್ಮನವರ ಪ್ರಸಂಗ ಕನ್ನಡಿಗರಿಗೆ ಚಿರಪರಿಚಿತ.

1924ರಲ್ಲಿ ಭಾಗೀರಥಮ್ಮನವರು ಬೆಂಕಿ ಆಕಸ್ಮಿಕಕ್ಕೆ ತುತ್ತಾಗಿ ತೀರಿಕೊಂಡರು. ಮುಂದೆ ಸಸ್ಯವಿಜ್ಞಾನಿಯಾಗಿ, 'ಹಸುರು ಹೊನ್ನು' ಕೃತಿಯ ಕರ್ತೃವಾಗಿ ಪ್ರಸಿದ್ಧರಾದ ಮಗ ಬಿ.ಜಿ.ಎಲ್. ಸ್ವಾಮಿಗೆ ಆಗ ಆರು ವರ್ಷ. ಎಳೆಯ ಮಕ್ಕಳಿದ್ದ ವಿಧುರನಿಗೆ ಮರುಮದುವೆ ಅಂದಿನ ಸಮಾಜದಲ್ಲಿ ತೀರ ಸಹಜವಾಗಿತ್ತು. ಡಿವಿಜಿ ಆ ದಾರಿ ಹಿಡಿಯಲಿಲ್ಲ.

ಅಂತಹ ಆಘಾತಕ್ಕೆ ಒಳಗಾದವರು ಅಂದು ಎಲ್ಲಿಗೆ ಹೋಗಬೇಕಿತ್ತು? ಬೆಂಗಳೂರಿನಲ್ಲಿ ಇದ್ದುದು ಹುಚ್ಚಾಸ್ಪತ್ರೆ. ಅದಕ್ಕೆ ಮಾನಸಿಕ ಆಸ್ಪತ್ರೆ ಎಂಬ ಹೆಸರು ಬಂದದ್ದೇ ಮರುವರ್ಷ, 1925ರಲ್ಲಿ. ಶೋಕದ ಲಕ್ಷಣಗಳನ್ನು ವೈದ್ಯಕೀಯವಾಗಿ ವಿವರಿಸಿದ ಎರಿಕ್ ಲಿಂಡೆಮನ್ ಅವರ ಹೆಸರಾಂತ ಪ್ರಬಂಧ ಪ್ರಕಟವಾದುದು 1944ರಲ್ಲಿ. ಅದಕ್ಕೂ ಬೆಂಕಿಯೇ ನಿಮಿತ್ತ. 1942ರಲ್ಲಿ ಅಮೆರಿಕದ ಬಾಸ್ಟನ್ ನಗರದ ಕೋಕೋನಟ್ ಗ್ರೋವ್ ಎಂಬ ನೈಟ್‌ಕ್ಲಬ್ಬಿನಲ್ಲಿ 492 ಮಂದಿ ಅಗ್ನಿಗೆ ಆಹುತಿಯಾದಾಗ, ಬದುಕುಳಿದವರನ್ನೂ ಮೃತರ ಬಂಧುಗಳನ್ನೂ ಅವರು ಹತ್ತಿರದಿಂದ ಕಂಡಿದ್ದರು.

ಡಿವಿಜಿಯವರಿಗೆ ಚಿಕಿತ್ಸಕರಿರಲಿಲ್ಲ, ಇದ್ದುದು ಕೆಲಸ, ಓದು ಮತ್ತು ಸ್ನೇಹಿತರ ಬಳಗ. 1926ರಲ್ಲಿ ಅವರು ಮೈಸೂರು ನ್ಯಾಯವಿಧಾಯಕ ಸಭೆಯ ಸದಸ್ಯರಾದರು. 1932ರಲ್ಲಿ ಮಡಿಕೇರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಸುಖದ ಕ್ಷಣಿಕತೆಯನ್ನು ಹಾಡಿದ ಉಮರ್ ಖಯ್ಯಾಮನನ್ನು 'ಉಮರನ ಒಸಗೆ'ಯಾಗಿ ಕನ್ನಡಕ್ಕೆ ತಂದದ್ದೂ ಪತ್ನಿವಿಯೋಗದ ನಂತರವೇ. 1943ರಲ್ಲಿ 945 ಪದ್ಯಗಳ 'ಮಂಕುತಿಮ್ಮನ ಕಗ್ಗ' ಹೊರಬಂತು. ಕಗ್ಗವನ್ನು ಶೋಕಗೀತೆಯೆಂದು ಓದುವುದು ತಪ್ಪಾದೀತು. ಅದರಲ್ಲಿ ನಗೆಯಿದೆ, ದೇವರೊಡನೆ ಜಗಳವಿದೆ. ಆದರೆ ಸಾವು, ವಿಧಿಗಳ ಪ್ರಶ್ನೆಯನ್ನು ಅವರು ಒಮ್ಮೆ ಕೇಳಿ ಕೈಬಿಡಲಿಲ್ಲ. ಮತ್ತೆ ಮತ್ತೆ ಅಲ್ಲಿಗೇ ಮರಳಿದರು.

ಇಂದಿನ ಶೋಕಚಿಕಿತ್ಸೆಯಲ್ಲಿ ಇದರ ಹೋಲಿಕೆ ಕಾಣುತ್ತದೆ. ಅಗಲಿದವರನ್ನು ಮರೆಯಿರಿ ಎಂದು ಚಿಕಿತ್ಸಕರು ಹೇಳುವುದಿಲ್ಲ. ನಡೆದುದನ್ನು ಸುರಕ್ಷಿತ ಸನ್ನಿವೇಶದಲ್ಲಿ ಸ್ವಲ್ಪಸ್ವಲ್ಪವಾಗಿ ಹೇಳಿಸುತ್ತಾರೆ. ಭಯದಿಂದ ದೂರವಿಟ್ಟ ಜಾಗ, ವಸ್ತುಗಳ ಬಳಿಗೆ ಹಂತಹಂತವಾಗಿ ಮರಳಿ ಕರೆತರುತ್ತಾರೆ. ಜನರ ಒಡನಾಟ, ನಾಳೆಯ ಬಗೆಗಿನ ಆಸೆ ಮತ್ತೆ ಚಿಗುರುವಂತೆ ನೆರವಾಗುತ್ತಾರೆ. ಕಣ್ಣೆದುರು ಮರುಕಳಿಸುವ ದುರಂತದ ದೃಶ್ಯ ಹೀಗೆ ಕ್ರಮೇಣ ಗತಕಾಲದ ನೆನಪಾಗುತ್ತದೆ.

ಹಾಗೆಂದು ದುಃಖದಲ್ಲಿರುವವರ ಮುಂದೆ ಡಿವಿಜಿಯವರನ್ನು ನಿಲ್ಲಿಸಿ, ಸ್ಥಿತಪ್ರಜ್ಞರಾಗಿರಿ ಎಂದು ಉಪದೇಶಿಸುವ ನಮ್ಮ ಅಭ್ಯಾಸ ಸರಿಯಲ್ಲ. ಅಂತಹ ಪ್ರತಿಭೆ, ಅಂತಹ ಬಳಗ ಎಲ್ಲರಿಗೂ ದಕ್ಕುವುದಿಲ್ಲ. ಹೆಚ್ಚಿನವರ ಶೋಕ ಕಾಲಕ್ರಮದಲ್ಲಿ ಬಂಧುಮಿತ್ರರ ಆಸರೆಯಿಂದಲೇ ತಹಬಂದಿಗೆ ಬರುತ್ತದೆ, ನಿಜ. ಆರು ತಿಂಗಳು ಮೀರಿಯೂ ತೀವ್ರವಾಗಿಯೇ ಉಳಿದು ದಿನಚರಿಯನ್ನೇ ಕೆಡಿಸುವ ಶೋಕವನ್ನು, 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣ ಪ್ರತ್ಯೇಕ ಸಮಸ್ಯೆಯೆಂದೇ ಗುರುತಿಸಿದೆ. ಅದೇ ವರ್ಷ ಅಕ್ಟೋಬರ್‌ನಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಗೆ (14416) ಮುಳಬಾಗಿಲಿನ ಹಳ್ಳಿಯಿಂದಲೂ ಕರೆ ಮಾಡಬಹುದು. 1924ರಲ್ಲಿ ಬೆಂಗಳೂರಿನಲ್ಲಿದ್ದವರಿಗೂ ಇಂತಹ ಅನುಕೂಲವಿರಲಿಲ್ಲ.

ಡಿವಿಜಿ 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದರು. ಅಲ್ಲಿ ಗೀತೆಯ ಪಾಠ, ಕಿರಿಯರೊಡನೆ ಅಧ್ಯಯನಗೋಷ್ಠಿ ವರ್ಷಗಟ್ಟಲೆ ನಡೆದವು. ಗೀತೆಯ ಕುರಿತ 'ಜೀವನಧರ್ಮಯೋಗ' ಕೃತಿಗೆ 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. 1970ರ ಸನ್ಮಾನದಲ್ಲಿ ನಾಡು ಅರ್ಪಿಸಿದ ಒಂದು ಲಕ್ಷ ರೂಪಾಯಿಯನ್ನು ಅವರು ಆ ಸಂಸ್ಥೆಗೇ ಒಪ್ಪಿಸಿದರು. 1975ರ ಅಕ್ಟೋಬರ್ 7ರಂದು ತೀರಿಕೊಂಡಾಗ ಅವರಿಗೆ ಎಂಬತ್ತೆಂಟು ವರ್ಷ. ಭಾಗೀರಥಮ್ಮನವರು ಅಗಲಿ ಐವತ್ತೊಂದು ವರ್ಷಗಳಾಗಿದ್ದವು.