ಪೆಟ್ರೀಷಿಯಸನ ಪತ್ನಿ ಮೋನಿಕಮ್ಮ

ಆಗಸ್ಟ್ 27ರಂದು ಧರ್ಮಸಭೆಯು ಸಂತ ಮೋನಿಕಮ್ಮನವರನ್ನು ಸ್ಮರಿಸುತ್ತದೆ. ಮರುದಿನವೇ ಅವರ ಸುಪುತ್ರ ಸಂತ ಅಗಸ್ಟೀನರ ಹಬ್ಬ. ಹಿಂದೆ ತಾಯಿಯ ಹಬ್ಬ ಮೇ 4ರಂದು ನಡೆಯುತ್ತಿತ್ತು. 1969ರ ಪೂಜಾಪಂಚಾಂಗದ ಪರಿಷ್ಕರಣೆಯಲ್ಲಿ ಅದನ್ನು ಮಗನ ಹಬ್ಬದ ಪಕ್ಕಕ್ಕೆ ತರಲಾಯಿತು. ನಮ್ಮ ಪ್ರಬೋಧನೆಗಳಲ್ಲಿಯೂ ಅವರು ನಿಲ್ಲುವುದು ಮಗನ ಪಕ್ಕದಲ್ಲಿಯೇ, ದಾರಿ ತಪ್ಪಿದವನಿಗಾಗಿ ಕಣ್ಣೀರು ಸುರಿಸಿದ ಮಾತೆಯಾಗಿ. ಆದರೆ ಅಗಸ್ಟೀನರಿಗೆ ಜನ್ಮವೀಯುವ ಮುನ್ನ ಈಕೆ ಅನ್ಯಧರ್ಮೀಯನೊಬ್ಬನ ಕೈಹಿಡಿದು ಅವನ ಮನೆಯ ಹೊಸ್ತಿಲು ದಾಟಿದ ಸೊಸೆ. ಮಗನೋ ಮಗಳೋ ಬೇರೆ ಧರ್ಮದವರನ್ನು ಮೆಚ್ಚಿದ ಸುದ್ದಿ ಬಂದಾಗ ಮನೆಯಲ್ಲಿ ಒಲೆಯೇ ಉರಿಯದಂತಾಗುವುದನ್ನು ಬಲ್ಲ ನಮ್ಮ ಕುಟುಂಬಗಳಿಗೆ ಅವರ ಬಾಳಿನ ಈ ಭಾಗ ತಿಳಿದಿರುವುದು ಒಳ್ಳೆಯದು.

ಮೋನಿಕಮ್ಮನವರು ಜನಿಸಿದ್ದು ಕ್ರಿ.ಶ. 331ರ ಸುಮಾರಿಗೆ, ರೋಮನ್ ಆಳ್ವಿಕೆಯ ಉತ್ತರ ಆಫ್ರಿಕದಲ್ಲಿ. ಅವರು ಬಾಳಿದ ತಗಾಸ್ತೆ ಪಟ್ಟಣ ಇಂದಿನ ಅಲ್ಜೀರಿಯದ ಸೂಕ್ ಅಹ್ರಾಸ್. ಹುಟ್ಟಿದ್ದು ಕ್ರೈಸ್ತ ಮನೆಯಲ್ಲಿ. ತಂದೆಯನ್ನು ಎಳೆತನದಲ್ಲಿ ಬೆನ್ನ ಮೇಲೆ ಹೊತ್ತು ಆಡಿಸಿದ್ದ ಮುದುಕಿಯೊಬ್ಬಳು ಆ ಮನೆಯ ಹೆಣ್ಣುಮಕ್ಕಳನ್ನು ಬಹು ಬಿಗಿಯಾಗಿ ಬೆಳೆಸಿದಳು. ಊಟದ ಹೊತ್ತಿನ ಹೊರತು ನೀರು ಕುಡಿಯಲೂ ಬಿಡುತ್ತಿರಲಿಲ್ಲವಂತೆ. ಅಂಥ ಶಿಸ್ತಿನ ನಡುವೆಯೂ ಈ ಬಾಲಕಿ ಪೀಪಾಯಿಯಿಂದ ದ್ರಾಕ್ಷಾರಸವನ್ನು ಕದ್ದು ಹೀರುವುದನ್ನು ಕಲಿತಳು. ಕೊನೆಗೆ ದಾಸಿಯೊಬ್ಬಳು ಜಗಳದಲ್ಲಿ ಕುಡುಕಿಯೆಂದು ಹಂಗಿಸಿದ ದಿನವೇ ಆ ಚಾಳಿಯನ್ನು ಬಿಟ್ಟಳು.

ಪ್ರಾಯಕ್ಕೆ ಬಂದ ಮಗಳನ್ನು ಹೆತ್ತವರು ಪೆಟ್ರೀಷಿಯಸ್ ಎಂಬಾತನಿಗೆ ಮದುವೆ ಮಾಡಿಕೊಟ್ಟರು. ಆತ ತಗಾಸ್ತೆಯ ಪುರಸಭೆಯ ಸದಸ್ಯ, ಸಾಧಾರಣ ಜಮೀನುದಾರ, ರೋಮನ್ನರ ಹಳೆಯ ದೇವತೆಗಳ ಪಂಗಡದವನು. ಇಂಥ ಸಂಬಂಧಗಳನ್ನು ಧರ್ಮಸಭೆ ಮೆಚ್ಚುತ್ತಿರಲಿಲ್ಲ. ನಾಲ್ಕನೆಯ ಶತಮಾನದ ಆರಂಭದಲ್ಲಿ ಸ್ಪೇನಿನ ಎಲ್ವಿರದಲ್ಲಿ ಕೂಡಿದ ಧರ್ಮಾಧ್ಯಕ್ಷರು, ಕನ್ಯೆಯರ ಸಂಖ್ಯೆ ಹೆಚ್ಚಿದೆಯೆಂಬ ನೆಪದಿಂದ ಕ್ರೈಸ್ತ ಹೆಣ್ಣುಮಕ್ಕಳನ್ನು ಅನ್ಯಧರ್ಮೀಯರಿಗೆ ಕೊಡಬಾರದೆಂದು ವಿಧಿಸಿದ್ದರು. 314ರ ಆರ್ಲ್ ಸಭೆಯು ಹಾಗೆ ಮದುವೆಯಾದ ಯುವತಿಯರನ್ನು ಕೆಲಕಾಲ ಪರಮಪ್ರಸಾದದಿಂದ ದೂರವಿರಿಸಬೇಕೆಂದಿತು. ವಿಧಿಗಳು ಹೀಗಿದ್ದರೂ ಮದುವೆಗಳು ನಡೆಯುತ್ತಲೇ ಇದ್ದವು. ಗಂಡು ಸಿಗದ ಚಿಂತೆಯಾಗಲೀ, ಅದಕ್ಕೆ ಕಾನೂನು ಹುಡುಕಿದ ಪರಿಹಾರವಾಗಲೀ ನಮ್ಮ ಕಾಲಕ್ಕೆ ಹೊಸದಾಗಿ ಬಂದವಲ್ಲ.

ಪೆಟ್ರೀಷಿಯಸನು ಒಳ್ಳೆಯ ಮನಸ್ಸಿನವನೆಂದೂ ಮಹಾಕೋಪಿಷ್ಠನೆಂದೂ ಮಗನೇ ಬರೆದಿದ್ದಾರೆ. ಪತ್ನಿಗೆ ನಿಷ್ಠನಾಗಿಯೂ ಇರಲಿಲ್ಲ. ಮೋನಿಕಮ್ಮನವರು ಆ ವಿಷಯವಾಗಿ ಜಗಳ ತೆಗೆಯಲಿಲ್ಲ. ಆತ ಸಿಟ್ಟಿನಲ್ಲಿರುವಾಗ ಎದುರು ಮಾತನಾಡದೆ, ಶಾಂತನಾದ ಮೇಲೆ ತಾವು ಮಾಡಿದ್ದೇಕೆಂಬುದನ್ನು ವಿವರಿಸುತ್ತಿದ್ದರು. ನೆರೆಹೊರೆಯ ಹೆಂಗಸರು, ಇವಳ ಗಂಡನಿಗಿಂತ ಸೌಮ್ಯರಾದ ಗಂಡಂದಿರನ್ನು ಪಡೆದವರು, ಮುಖದ ಮೇಲೆ ಹೊಡೆತದ ಗುರುತು ಹೊತ್ತು ಬರುತ್ತಿದ್ದಾಗ, ಪೆಟ್ರೀಷಿಯಸನು ಹೆಂಡತಿಯ ಮೇಲೆ ಕೈಮಾಡಿದ್ದನ್ನು ಯಾರೂ ಕೇಳಿರಲಿಲ್ಲ. ಅವರು ಕಾರಣ ವಿಚಾರಿಸಿದರೆ, ವಿವಾಹಪತ್ರವನ್ನು ಓದಿದ ದಿನದಿಂದಲೇ ನಾವು ದಾಸಿಯರಾದೆವೆಂದು ತಿಳಿಯಬೇಕೆಂದು ಮೋನಿಕಮ್ಮನವರು ಅರ್ಧ ವಿನೋದವಾಗಿ ಹೇಳುತ್ತಿದ್ದರಂತೆ. ಈ ಬುದ್ಧಿಮಾತನ್ನು ನಮ್ಮ ಮಗಳಿಗೆ ಹೇಳಿಕೊಡಬೇಕೆಂದು ಈ ಲೇಖಕನಿಗೆ ತೋರುವುದಿಲ್ಲ. ಹೊಡೆಯುವ ಗಂಡನನ್ನು ಸಹಿಸುವುದೇ ಸಂತತ್ವವೆಂದು ಬೋಧಿಸಲು ಇವರ ಹೆಸರನ್ನು ಬಳಸುವುದುಂಟು. ಇವರ ಗಂಡ ಹೊಡೆಯಲಿಲ್ಲ ಎಂಬುದನ್ನು ಹಾಗೆ ಬೋಧಿಸುವವರು ಮರೆಯುತ್ತಾರೆ.

ಅತ್ತೆಯೂ ಅದೇ ಮನೆಯಲ್ಲಿದ್ದಳು. ದಾಸಿಯರ ಚಾಡಿಮಾತಿಗೆ ಕಿವಿಗೊಟ್ಟು ಮೊದಮೊದಲು ಸೊಸೆಯ ಮೇಲೆ ಕಿಡಿಕಾರಿದವಳು, ಅವಳ ತಾಳ್ಮೆ ವಿನಯಗಳನ್ನು ಕಂಡು ಕರಗಿ, ತಾನಾಗಿಯೇ ಮಗನ ಮುಂದೆ ಆ ದಾಸಿಯರ ಮೇಲೆ ದೂರು ಹೇಳಿದಳು. ಪೆಟ್ರೀಷಿಯಸನು ಅವರಿಗೆ ಚಾಟಿಯೇಟು ಕೊಡಿಸಿದ. ಮನೆಯಲ್ಲಿ ಶಾಂತಿ ನೆಲೆಸಿತೆಂದು ಅಗಸ್ಟೀನರು ಸಂತೋಷದಿಂದ ಬರೆಯುತ್ತಾರೆ. ಆ ದಾಸಿಯರ ಬೆನ್ನಿನ ನೋವನ್ನು ಆ ಕಾಲದವರು ಲೆಕ್ಕಕ್ಕಿಡಲಿಲ್ಲ.

ಇನ್ನು ಮುಖ್ಯವಾದ ವಿಷಯಕ್ಕೆ ಬರೋಣ. ಅಗಸ್ಟೀನರು ಹುಟ್ಟಿದ್ದು 354ರ ನವೆಂಬರ್ 13ರಂದು. ನವಿಗಿಯಸ್ ಎಂಬ ಸಹೋದರನೂ ಒಬ್ಬಳು ಸಹೋದರಿಯೂ ಅವರಿಗಿದ್ದರು. ಹುಟ್ಟಿದ ಶಿಶುವಿಗೆ ತಾಯಿ ಶಿಲುಬೆಯ ಗುರುತು ಹಾಕಿಸಿ, ಅಂದಿನ ಪದ್ಧತಿಯಂತೆ ಪವಿತ್ರ ಉಪ್ಪನ್ನು ಕೊಡಿಸಿ, ದೀಕ್ಷಾರ್ಥಿಗಳ ಸಾಲಿಗೆ ಸೇರಿಸಿದರು. ಬಾಲಕನಿಗೆ ಒಮ್ಮೆ ಹೊಟ್ಟೆನೋವು ಬಂದು ಪ್ರಾಣಕ್ಕೇ ಅಪಾಯವಾದಾಗ ತಾಯಿ ತರಾತುರಿಯಿಂದ ಜ್ಞಾನಸ್ನಾನದ ಸಿದ್ಧತೆಗೆ ತೊಡಗಿದರು. ಅಷ್ಟರಲ್ಲಿ ಮಗ ಚೇತರಿಸಿಕೊಂಡದ್ದರಿಂದ ಅದು ಮುಂದಕ್ಕೆ ಹೋಯಿತು. ಆ ಹೊತ್ತಿಗೆ ಮನೆಯವರೆಲ್ಲರೂ ಕ್ರಿಸ್ತರನ್ನು ನಂಬಿದ್ದರು, ತಂದೆಯೊಬ್ಬನನ್ನು ಬಿಟ್ಟು. ತನ್ನ ಸ್ವಂತ ಮನೆಯಲ್ಲಿ ಒಂಟಿಯಾಗಿ ಉಳಿದ ಆ ಕೋಪಿಷ್ಠ ಯಜಮಾನನು ಮಕ್ಕಳನ್ನು ಕ್ರೈಸ್ತರನ್ನಾಗಿ ಬೆಳೆಸುವ ಹೆಂಡತಿಯ ಹಕ್ಕನ್ನು ಕಿತ್ತುಕೊಳ್ಳಲಿಲ್ಲ. ಮಕ್ಕಳ ಮೇಲೆ ತಂದೆಗೆ ಸರ್ವಾಧಿಕಾರ ಕೊಟ್ಟಿದ್ದ ರೋಮನ್ ಕಾನೂನಿನಡಿ ಇದು ಸಣ್ಣ ಸಂಗತಿಯಲ್ಲ.

ಇಂದು ಕ್ರೈಸ್ತರಲ್ಲದವರನ್ನು ಚರ್ಚಿನಲ್ಲಿ ವರಿಸಬಯಸುವ ಕಥೋಲಿಕರು ಧರ್ಮಾಧ್ಯಕ್ಷರಿಂದ ವಿನಾಯಿತಿ ಪಡೆಯಬೇಕು. ತಮ್ಮ ವಿಶ್ವಾಸವನ್ನು ಕಾಪಾಡಿಕೊಳ್ಳುವುದಾಗಿಯೂ, ಮಕ್ಕಳ ಜ್ಞಾನಸ್ನಾನ ಮತ್ತು ಪಾಲನೆ ಧರ್ಮಸಭೆಯಲ್ಲಿ ಆಗುವಂತೆ ಕೈಲಾದುದನ್ನೆಲ್ಲ ಮಾಡುವುದಾಗಿಯೂ ಮಾತು ಕೊಡಬೇಕು. 1983ರ ಧರ್ಮಸಭಾ ಸಂಹಿತೆಯ ಪ್ರಕಾರ ಈ ಮಾತು ಕೊಡುವವರು ಕಥೋಲಿಕರು ಮಾತ್ರ. ಎದುರು ಪಕ್ಷದವರಿಗೆ ಅದನ್ನು ಮೊದಲೇ ತಿಳಿಸಿರಬೇಕು, ಅಷ್ಟೆ. ಹೀಗಾಗಿ ಕೊಟ್ಟ ಮಾತು ಉಳಿಯುವುದು ಬಹುಮಟ್ಟಿಗೆ ಮಾತು ಕೊಡದವರ ಔದಾರ್ಯದ ಮೇಲೆ. ಪೆಟ್ರೀಷಿಯಸನಲ್ಲಿ ಆ ಔದಾರ್ಯವಿತ್ತು. ಪ್ರಬೋಧನೆಗಳಲ್ಲಿ ಅವನಿಗೆ ಸಲ್ಲಬೇಕಾದುದು ಸಲ್ಲುತ್ತಿಲ್ಲವೆಂದೇ ಹೇಳಬೇಕು.

ಮಗನ ವಿದ್ಯೆಗಾಗಿಯೂ ಆತ ಶಕ್ತಿಮೀರಿ ಖರ್ಚು ಮಾಡಿದ. ಮದೌರದಲ್ಲಿ ಓದುತ್ತಿದ್ದ ಹುಡುಗನು ಹದಿನಾರನೆಯ ವಯಸ್ಸಿನಲ್ಲಿ ಮನೆಗೆ ಮರಳಿ ಒಂದು ವರ್ಷ ಸುಮ್ಮನೆ ಕುಳಿತದ್ದು ಕಾರ್ಥೇಜಿಗೆ ಕಳುಹಿಸಲು ತಂದೆ ಹಣ ಹೊಂದಿಸಬೇಕಾಗಿದ್ದರಿಂದ. ಅವನಿಗಿಂತ ಬಹಳ ಸಿರಿವಂತರೂ ಮಕ್ಕಳಿಗಾಗಿ ಅಷ್ಟು ಮಾಡುತ್ತಿರಲಿಲ್ಲ. ಅದೇ ವರ್ಷ ಸ್ನಾನಗೃಹದಲ್ಲಿ ಮಗ ಪ್ರಾಯಕ್ಕೆ ಬಂದುದನ್ನು ಗಮನಿಸಿದ ತಂದೆ, ಮೊಮ್ಮಕ್ಕಳನ್ನು ಕಂಡಷ್ಟೇ ಹಿಗ್ಗಿ ಹೆಂಡತಿಗೆ ಸುದ್ದಿ ತಿಳಿಸಿದ. ಆಕೆಯಾದರೋ ಮಗ ಎಲ್ಲಿ ಪಾಪಕ್ಕೆ ಬೀಳುವನೋ ಎಂದು ನಡುಗಿದಳು. ಒಂದೇ ಸುದ್ದಿ, ಒಂದೇ ಮಗ. ಆದರೂ ಒಬ್ಬರ ಸಂತೋಷ ಇನ್ನೊಬ್ಬರ ಭಯವಾಯಿತು. ಬೇರೆ ಬೇರೆ ವಿಶ್ವಾಸದ ದಂಪತಿಗಳಿಗೆ ಇದು ಹೊಸದಾಗಿ ಹೇಳಬೇಕಾದ ಅನುಭವವಲ್ಲ.

ಆ ವೇಳೆಗೆ ಪೆಟ್ರೀಷಿಯಸನೂ ದೀಕ್ಷಾರ್ಥಿಯಾಗಿದ್ದ. ಮದುವೆಯಾಗಿ ಕನಿಷ್ಠ ಹದಿನಾರು ವರ್ಷಗಳು ಕಳೆದಿದ್ದವು. ಮೋನಿಕಮ್ಮನವರು ವಾದದಿಂದ ಆತನನ್ನು ಗೆಲ್ಲಲು ಹೋದವರಲ್ಲ. ತಮ್ಮ ನಡತೆಯಿಂದಲೇ ದೇವರನ್ನು ಪರಿಚಯಿಸಿದರೆಂದು ಮಗನ ಸಾಕ್ಷ್ಯ. ಆತ ಸುಮಾರು 371ರಲ್ಲಿ, ಬಾಳಿನ ಕೊನೆಯಲ್ಲಿ ಕ್ರೈಸ್ತ ವಿಶ್ವಾಸಿಯಾಗಿ ಮೃತನಾದ. ಹಿಂದೆ ಆತನಿಂದ ಸಹಿಸಿದ್ದ ಯಾವುದನ್ನೂ, ಆತ ವಿಶ್ವಾಸಿಯಾದ ಮೇಲೆ ಆಕೆ ಸಹಿಸಬೇಕಾಗಿ ಬರಲಿಲ್ಲ.

ನಲವತ್ತರ ಆಸುಪಾಸಿನಲ್ಲಿ ವಿಧವೆಯಾದ ಮೋನಿಕಮ್ಮನವರು ಮರುಮದುವೆಯಾಗಲಿಲ್ಲ. ಗಂಡನ ಅನ್ಯಧರ್ಮವನ್ನು ಅಷ್ಟುಕಾಲ ತಾಳಿಕೊಂಡ ಅವರೇ, ಮಗನು ಮಾನಿಕೇಯ ಪಂಥಕ್ಕೆ ಸೇರಿದಾಗ ಅವನೊಡನೆ ಒಂದೇ ಮನೆಯಲ್ಲಿರಲು, ಒಂದೇ ಮೇಜಿನಲ್ಲಿ ಉಣ್ಣಲು ಒಪ್ಪಲಿಲ್ಲವೆಂಬುದು ಸೋಜಿಗ. ಮಗ ತಮ್ಮೊಡನೆಯೇ ನಿಂತಿರುವಂತೆ ಕನಸೊಂದನ್ನು ಕಂಡ ಮೇಲಷ್ಟೇ ಅವನನ್ನು ಮತ್ತೆ ಬಳಿಗೆ ಸೇರಿಸಿಕೊಂಡರು. ಮುಂದಿನ ಕಥೆ ನಿಮಗೆಲ್ಲ ತಿಳಿದದ್ದೇ: ಅವರು ಸಮುದ್ರ ದಾಟಿ ಮಿಲಾನಿಗೆ ಬಂದರು, 387ರ ಪಾಸ್ಕ ಜಾಗರಣೆಯಂದು ಸಂತ ಅಂಬ್ರೋಸರು ಅಗಸ್ಟೀನರಿಗೆ ಜ್ಞಾನಸ್ನಾನ ನೀಡಿದರು.

ಊರಿಗೆ ಮರಳಲು ಹಡಗನ್ನು ಕಾಯುತ್ತ ರೋಮ್ ಬಳಿಯ ಓಸ್ತಿಯ ಬಂದರಿನಲ್ಲಿದ್ದಾಗ ಮೋನಿಕಮ್ಮನವರು ಜ್ವರದಿಂದ ಮಲಗಿದರು. ತಗಾಸ್ತೆಯಲ್ಲಿ ಪೆಟ್ರೀಷಿಯಸನ ಸಮಾಧಿಯ ಪಕ್ಕದಲ್ಲಿ ತಮಗೊಂದು ಸಮಾಧಿಯನ್ನು ಅವರು ಎಂದೋ ಸಿದ್ಧಪಡಿಸಿಕೊಂಡಿದ್ದರು. ಒಂದಾಗಿ ಬಾಳಿದವರ ಮಣ್ಣು ಒಂದಾಗಿರಬೇಕೆಂಬುದು ಅವರ ಬಹುಕಾಲದ ಆಸೆ. ಈಗ ಆ ಆಸೆಯನ್ನೂ ಕೈಬಿಟ್ಟು, ದೇಹವನ್ನು ಎಲ್ಲಿ ಬೇಕಾದರೂ ಹೂಳಿರಿ, ಆದರೆ ಬಲಿಪೀಠದ ಬಳಿ ತಮ್ಮನ್ನು ನೆನೆಯಿರಿ ಎಂದು ಮಕ್ಕಳನ್ನು ಕೇಳಿಕೊಂಡರು. ಒಂಬತ್ತನೆಯ ದಿನ, ತಮ್ಮ ಐವತ್ತಾರನೆಯ ವಯಸ್ಸಿನಲ್ಲಿ, ಕಣ್ಣುಮುಚ್ಚಿದರು. ಅವರನ್ನು ಓಸ್ತಿಯದಲ್ಲಿಯೇ ಹೂಳಲಾಯಿತು. 1430ರಲ್ಲಿ, ಜಗದ್ಗುರು ಐದನೆಯ ಮಾರ್ಟಿನರ ಕಾಲದಲ್ಲಿ, ಅವರ ಅವಶೇಷಗಳನ್ನು ರೋಮಿಗೆ ತರಲಾಯಿತು. ಓಸ್ತಿಯದ ಸಮಾಧಿಯ ಮೇಲಿದ್ದ ಶಾಸನದ ತುಣುಕೊಂದು 1945ರಲ್ಲಿ ಮಣ್ಣಿನಡಿ ದೊರೆಯಿತು.

ತಾಯಿ ಅಗಲಿ ಸುಮಾರು ಹತ್ತು ವರ್ಷಗಳ ಮೇಲೆ ಅಗಸ್ಟೀನರು ತಮ್ಮ ಆತ್ಮಚರಿತ್ರೆಯನ್ನು ಬರೆದರು. ಆ ದೊಡ್ಡ ಗ್ರಂಥದಲ್ಲಿ ಮೋನಿಕಾ ಎಂಬ ಹೆಸರು ಬರುವುದು ಒಂದೇ ಒಂದು ಸಲ, ಒಂಬತ್ತನೆಯ ಭಾಗದ ಕೊನೆಯಲ್ಲಿ. ಅಲ್ಲಿ ಅವರು ಓದುಗರೆಲ್ಲರನ್ನೂ ಬಲಿಪೀಠದ ಬಳಿ ತಮ್ಮ ತಾಯಿಯನ್ನು ನೆನೆಯುವಂತೆ ಬೇಡುತ್ತಾರೆ. ತಾಯಿಯ ಹೆಸರಿನ ಜೊತೆಯಲ್ಲೇ ಪೆಟ್ರೀಷಿಯಸನ ಹೆಸರನ್ನೂ ಬರೆದಿದ್ದಾರೆ.