ನಡುಕವನ್ನು ಅಡಗಿಸಿದ ಲ್ಯಾಂಚೆಸ್ಟರ್

ನಿಲ್ದಾಣದಲ್ಲಿ ನಿಂತ ಬಸ್ಸಿನ ಎಂಜಿನ್ ಓಡುತ್ತಿರುವಾಗ ಕಿಟಕಿಯ ಗಾಜುಗಳು ಗಡಗಡನೆ ಅದುರುವುದನ್ನು ಕಾಣದವರಾರು? ಯಂತ್ರವೆಂದ ಮೇಲೆ ಅದುರಲೇಬೇಕೆಂದು ನಾನೂ ನಂಬಿದ್ದೆ. ಫ್ರೆಡರಿಕ್ ವಿಲಿಯಂ ಲ್ಯಾಂಚೆಸ್ಟರನ ಜೀವನವನ್ನು ಓದಿದ ಮೇಲೆ ಆ ನಂಬಿಕೆ ಹೋಯಿತು.

ಈತನು 1868ರ ಅಕ್ಟೋಬರ್ 23ರಂದು ಲಂಡನ್ನಿನಲ್ಲಿ ಜನಿಸಿದನು. ಸೌತ್ ಕೆನ್ಸಿಂಗ್ಟನ್ನಿನಲ್ಲಿ ವ್ಯಾಸಂಗ ಮಾಡಿದರೂ ಪದವಿ ಪಡೆಯಲಿಲ್ಲ. ಬರ್ಮಿಂಗ್‌ಹ್ಯಾಮಿನ ಗ್ಯಾಸ್ ಎಂಜಿನ್ ಕಾರ್ಖಾನೆಯೊಂದರಲ್ಲಿ ದುಡಿದು ಅನುಭವ ಗಳಿಸಿ, ತಾನೇ ನಿರ್ಮಿಸಿದ ಕಾರನ್ನು 1896ರಲ್ಲಿ ರಸ್ತೆಗಿಳಿಸಿದನು. ಅದಕ್ಕಿದ್ದುದು ಒಂದೇ ಸಿಲಿಂಡರು. ಅಷ್ಟರಿಂದ ತೃಪ್ತನಾಗದೆ ಮರುವರ್ಷವೇ ಎರಡು ಸಿಲಿಂಡರುಗಳ ಎಂಜಿನನ್ನು ಅಳವಡಿಸಿದನು. ಅದರಲ್ಲಿ ಒಂದರ ಮೇಲೊಂದು ಎರಡು ಕ್ರ್ಯಾಂಕ್ ಶಾಫ್ಟುಗಳು. ಒಂದು ಬಲಕ್ಕೆ ತಿರುಗಿದರೆ ಇನ್ನೊಂದು ಎಡಕ್ಕೆ. ಒಂದರ ನಡುಕವನ್ನು ಇನ್ನೊಂದು ನುಂಗುತ್ತಿತ್ತು.

1899ರಲ್ಲಿ ಕಂಪನಿ ಹುಟ್ಟಿತು. 1904ರಲ್ಲಿ ಹಣದ ಮುಗ್ಗಟ್ಟಿಗೆ ಸಿಕ್ಕಿತು. ಕಾರು ಒಳ್ಳೆಯದಿದ್ದರೆ ಸಾಲದು, ಕೈಯಲ್ಲಿ ಕಾಸೂ ಬೇಕಷ್ಟೆ! 1909ರಲ್ಲಿ ಈತನು ಡೈಮ್ಲರ್ ಕಂಪನಿಗೆ ಸಲಹೆಗಾರನಾದನು.

ಅಂದಿನ ಆರು ಸಿಲಿಂಡರಿನ ಎಂಜಿನುಗಳ ಉದ್ದನೆಯ ಕ್ರ್ಯಾಂಕ್ ಶಾಫ್ಟು, ಒದ್ದೆ ಬಟ್ಟೆ ಹಿಂಡಿದಂತೆ ತಿರುಚಿಕೊಂಡು ಕಂಪಿಸುತ್ತಿತ್ತು. ಕೆಲವೊಮ್ಮೆ ಮುರಿದೇ ಹೋಗುತ್ತಿತ್ತು. ಲ್ಯಾಂಚೆಸ್ಟರನು ಅದರ ಮುಂತುದಿಗೆ ಚಿಕ್ಕದೊಂದು ಚಕ್ರವನ್ನು, ಬಿಗಿಯಾಗಿ ಬಂಧಿಸದೆ, ಎಣ್ಣೆಯಲ್ಲಿ ಮುಳುಗಿದ ತಟ್ಟೆಗಳ ಮೂಲಕ ಜೋಡಿಸಿದನು. ಶಾಫ್ಟು ತಿರುಚಿಕೊಂಡಾಗ ಚಕ್ರ ಹಿಂದೆ ಉಳಿಯುತ್ತದೆ. ಎಣ್ಣೆಯ ಎಳೆತದಲ್ಲಿ ಕಂಪನ ಕರಗುತ್ತದೆ.

ನಾಲ್ಕು ಸಿಲಿಂಡರಿನ ಸಮಸ್ಯೆ ಇನ್ನೂ ಸೂಕ್ಷ್ಮ. ಗಣಿತವೆಂದರೆ ದೂರ ಓಡುವ ನಾನು ಇದನ್ನು ಕಾಗದದ ಮೇಲೆ ಚಿತ್ರ ಬರೆದೇ ತಿಳಿಯಬೇಕಾಯಿತು. ಎರಡು ಪಿಸ್ಟನ್ನುಗಳು ಏರುವಾಗ ಎರಡು ಇಳಿಯುತ್ತವೆ, ಲೆಕ್ಕ ಸರಿಹೋಗಬೇಕಲ್ಲವೆ? ಹೋಗುವುದಿಲ್ಲ. ಕನೆಕ್ಟಿಂಗ್ ರಾಡು ಓರೆಯಾಗಿ ವಾಲುವುದರಿಂದ ಪಿಸ್ಟನ್ನು ಕ್ರ್ಯಾಂಕಿನ ಮೇಲಿನ ಅರ್ಧಸುತ್ತಿನಲ್ಲಿ ಹೆಚ್ಚು ದೂರವನ್ನೂ ಕೆಳಗಿನ ಅರ್ಧದಲ್ಲಿ ಕಡಿಮೆ ದೂರವನ್ನೂ ಕ್ರಮಿಸುತ್ತದೆ. ಹೀಗೆ ಮಿಕ್ಕ ಬಲವು ಸುತ್ತಿಗೆ ಎರಡು ಸಲ ಎಂಜಿನನ್ನು ಮೇಲೆಕೆಳಗೆ ಕುಲುಕುತ್ತದೆ. ಲ್ಯಾಂಚೆಸ್ಟರನು ಒಂದು ಪಕ್ಕಕ್ಕೆ ತೂಕವಿರುವ ಎರಡು ದಂಡಗಳನ್ನು ಎಂಜಿನಿನ ಇಮ್ಮಡಿ ವೇಗದಲ್ಲಿ, ಒಂದಕ್ಕೊಂದು ವಿರುದ್ಧವಾಗಿ ತಿರುಗಿಸಿದನು. ಅವುಗಳ ಅಡ್ಡ ಎಳೆತಗಳು ತಮ್ಮೊಳಗೇ ವಜಾ ಆದವು; ಲಂಬ ಎಳೆತಗಳು ಕೂಡಿ ಕುಲುಕಾಟಕ್ಕೆ ಎದುರಾಗಿ ನಿಂತವು. ನಡುಕವನ್ನು ಭಾರ ಹೇರಿ ಅದುಮದೆ ಮತ್ತೊಂದು ನಡುಕದಿಂದಲೇ ಶಮನಗೊಳಿಸಿದ ಈ ಯುಕ್ತಿಯೇ ನನ್ನನ್ನು ಮರುಳುಮಾಡಿದ್ದು. 1920ರ ದಶಕದಲ್ಲಿ ವಾಕ್ಸ್‌ಹಾಲ್ ಕಾರುಗಳು ಇದನ್ನು ಅಳವಡಿಸಿಕೊಂಡವು.

ವಿಮಾನಶಾಸ್ತ್ರದಲ್ಲೂ ಈತನು ದೊಡ್ಡ ಹೆಸರು. 1922ರಲ್ಲಿ ರಾಯಲ್ ಸೊಸೈಟಿಯ ಸದಸ್ಯನಾದನು. ಆದರೆ ಕೀರ್ತಿ ಕಾಸಾಗಲಿಲ್ಲ. ಮುಪ್ಪಿನಲ್ಲಿ ರೋಗ ಕಾಡಿತು, ದೃಷ್ಟಿ ಕುಂದಿತು. ಮೋಟಾರು ಉದ್ಯಮದವರ ಧರ್ಮನಿಧಿಯ ನೆರವು ಪಡೆಯಬೇಕಾಯಿತು. 1946ರ ಮಾರ್ಚ್ 8ರಂದು ಬರ್ಮಿಂಗ್‌ಹ್ಯಾಮಿನ ತನ್ನ ಮನೆಯಲ್ಲಿ ತೀರಿಕೊಂಡನು. ಆ ಜೋಡಿ ದಂಡಗಳನ್ನು ಜಪಾನಿನ ಮಿತ್ಸುಬಿಷಿ ಕಂಪನಿ 1970ರ ದಶಕದಲ್ಲಿ ಸುಧಾರಿಸಿ ಮತ್ತೆ ಬಳಕೆಗೆ ತಂದಿತು. ಅವಕ್ಕೆ ಅವರಿಟ್ಟ ಹೆಸರು ಸೈಲೆಂಟ್ ಶಾಫ್ಟ್.