ಮೊಸರಿನ ಬೆನ್ನು ಹತ್ತಿದ ಮೆಚ್ನಿಕಾಫ್

ರಿಚರ್ಡ್ಸ್ ಟೌನ್‌ನ ನಮ್ಮ ಪಿಜಿ ಪಕ್ಕದ ಅಂಗಡಿಯ ಫ್ರಿಜ್‌ನಲ್ಲಿ ಈಗ ಹಾಲು, ಮೊಸರಿನ ಜೊತೆ ಪ್ರೊಬಯೋಟಿಕ್ ಎಂದು ಬರೆದ ಪುಟ್ಟ ಬಾಟಲಿಗಳೂ ಇವೆ. ಹೊಟ್ಟೆಗಷ್ಟೇ ಅಲ್ಲ, ನೆಗಡಿ, ಚರ್ಮ, ಮನಸ್ಸು ಎಲ್ಲಕ್ಕೂ ಒಳ್ಳೆಯದು ಎಂದು ರೀಲ್ಸ್‌ಗಳಲ್ಲಿ ಧಾರಾಳವಾಗಿ ಹೇಳುತ್ತಾರೆ. ಈ ಮಾತಿನ ಮೂಲ ಹುಡುಕುತ್ತಾ ಹೋದರೆ ಸಿಗುವವರು ಇಲ್ಯಾ ಮೆಚ್ನಿಕಾಫ್. 1845ರಲ್ಲಿ ಈಗಿನ ಉಕ್ರೇನ್‌ನ ಹಾರ್ಕಿವ್ ಬಳಿ ಹುಟ್ಟಿದವರು.

ಸುಖದ ಬದುಕೇನಲ್ಲ. ಮೊದಲ ಹೆಂಡತಿ ಲ್ಯುದ್ಮಿಲಾಗೆ ಕ್ಷಯ. ಮದುವೆಯ ದಿನವೇ ಆಕೆಯನ್ನು ಕುರ್ಚಿಯಲ್ಲಿ ಕೂರಿಸಿ ಚರ್ಚ್‌ಗೆ ಹೊತ್ತು ತರಬೇಕಾಯಿತು. 1873ರಲ್ಲಿ ಆಕೆ ತೀರಿಕೊಂಡಾಗ ಅವರು ಸಾಯಲು ಹೋಗಿ ಬದುಕಿ ಉಳಿದರು.

1882ರಲ್ಲಿ ಇಟಲಿಯ ಮೆಸಿನಾದಲ್ಲಿದ್ದರು. ಮನೆಯವರೆಲ್ಲ ಸರ್ಕಸ್ ನೋಡಲು ಹೋಗಿದ್ದ ದಿನ ಒಬ್ಬರೇ ಕೂತು ನಕ್ಷತ್ರಮೀನಿನ ಪಾರದರ್ಶಕ ಮರಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು. ಮೈಯೊಳಗೆ ಅಲೆದಾಡುವ ಈ ಕೋಶಗಳು ಹೊರಗಿನಿಂದ ನುಗ್ಗಿದ ಶತ್ರುವಿನ ಮೇಲೆ ಬೀಳುತ್ತವೆಯೇ ಎಂಬ ಪ್ರಶ್ನೆ ಹೊಳೆಯಿತು. ತೋಟದಿಂದ ಗುಲಾಬಿ ಮುಳ್ಳು ತಂದು ಮರಿಗಳಿಗೆ ಚುಚ್ಚಿಟ್ಟರು. ಬೆಳಗ್ಗೆ ನೋಡಿದರೆ ಮುಳ್ಳಿನ ಸುತ್ತ ಕೋಶಗಳು ಮುತ್ತಿಕೊಂಡಿದ್ದವು. ರೋಗಾಣುಗಳನ್ನು ನುಂಗುವ ಭಕ್ಷಕ ಕೋಶಗಳ ಸಿದ್ಧಾಂತ ಹುಟ್ಟಿದ್ದು ಹೀಗೆ. ಲ್ಯಾಬ್ ಎಂದರೆ ಕೋಟಿಗಟ್ಟಲೆ ಉಪಕರಣ ಎಂದುಕೊಂಡ ನಮ್ಮಂಥ ಬಿಇ ವಿದ್ಯಾರ್ಥಿಗಳಿಗೆ ಆ ಮುಳ್ಳು ತುಂಬ ಇಷ್ಟವಾಗುತ್ತದೆ. 1908ರಲ್ಲಿ ಪಾಲ್ ಎರ್ಲಿಕ್ ಜೊತೆ ನೊಬೆಲ್ ಬಂತು.

ನಮ್ಮ ನಾಡಿಗೂ ಅವರಿಗೂ ಒಂದು ನಂಟಿದೆ. ಒಡೆಸ್ಸಾದಲ್ಲಿ ಅವರ ಶಿಷ್ಯರಾಗಿದ್ದ ವಾಲ್ಡೆಮಾರ್ ಹಾಫ್‌ಕಿನ್ 1897ರಲ್ಲಿ ಮುಂಬೈಯಲ್ಲಿ ಪ್ಲೇಗ್ ಲಸಿಕೆ ತಯಾರಿಸಿ ಮೊದಲು ತಾವೇ ಚುಚ್ಚಿಸಿಕೊಂಡರು. ಮರುವರ್ಷ ಹುಬ್ಬಳ್ಳಿಯಲ್ಲಿ ಸಾವಿರಾರು ಜನ ಆ ಲಸಿಕೆ ಹಾಕಿಸಿಕೊಂಡರು. ಅದೇ ವರ್ಷ ಬೆಂಗಳೂರಿಗೂ ಪ್ಲೇಗ್ ಬಂತು. ನಮ್ಮ ಪಕ್ಕದ ಫ್ರೇಜರ್ ಟೌನ್ ಕಟ್ಟಿದ್ದೇ ಆ ಪೆಟ್ಟಿನ ನಂತರ.

ಮೆಚ್ನಿಕಾಫ್ 1888ರಲ್ಲೇ ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆ ಸೇರಿದ್ದರು. ವಯಸ್ಸಾಗುತ್ತಾ ಅವರಿಗೆ ಮುಪ್ಪಿನ ಚಿಂತೆ ಹತ್ತಿತು. ದೊಡ್ಡ ಕರುಳಿನಲ್ಲಿ ಕೊಳೆಸುವ ಬ್ಯಾಕ್ಟೀರಿಯಾಗಳು ನಂಜು ಹುಟ್ಟಿಸುತ್ತವೆ, ಆ ನಂಜು ಮೈಗೆಲ್ಲ ಹರಡಿ ಕೋಶಗಳನ್ನು ಬಲಹೀನ ಮಾಡುತ್ತದೆ, ಆಮೇಲೆ ಭಕ್ಷಕ ಕೋಶಗಳು ಸ್ವಂತ ಮೈಯನ್ನೇ ತಿನ್ನುತ್ತವೆ ಎಂದು ವಾದಿಸಿದರು. ಮದ್ದು ಹುಳಿ ಮೊಸರು. ಅದರ ಲ್ಯಾಕ್ಟಿಕ್ ಆಮ್ಲ ಕೊಳೆಯುವುದನ್ನು ತಡೆಯುತ್ತದೆ, ಬಲ್ಗೇರಿಯಾದ ರೈತರು ಹೆಚ್ಚು ಕಾಲ ಬಾಳುವುದು ಅದರಿಂದಲೇ ಎಂದರು. ತಾವೂ ದಿನಾ ಕುಡಿದರು. ಯುರೋಪ್‌ನಲ್ಲಿ ಹುಳಿ ಹಾಲಿಗೆ ಬೇಡಿಕೆ ಹುಚ್ಚೆದ್ದಿತು. ಆದರೆ ಆ ಮೊಸರಿನ ಬ್ಯಾಕ್ಟೀರಿಯಾ ಕರುಳಿನಲ್ಲಿ ನೆಲೆಯೂರುವುದಿಲ್ಲ ಎಂದು ಮುಂದೆ ತಿಳಿಯಿತು. 1916ರಲ್ಲಿ 71ನೇ ವಯಸ್ಸಿನಲ್ಲಿ ಹೃದಯ ಸೋತು ತೀರಿಕೊಂಡರು. ಸಾಯುವ ಮುನ್ನ, ಶವಪರೀಕ್ಷೆಯಲ್ಲಿ ಕರುಳನ್ನು ಸರಿಯಾಗಿ ನೋಡಿ ಎಂದು ಸಹೋದ್ಯೋಗಿಗೆ ಹೇಳಿಟ್ಟಿದ್ದರಂತೆ.

ನನ್ನ ಲೆಕ್ಕದಲ್ಲಿ ಮೊಸರಿನ ವಿಷಯಕ್ಕೆ ಆಸರೆಯಾದದ್ದು ಅವರ ನಂಜಿನ ವಾದವಲ್ಲ, ಆ ಗುಲಾಬಿ ಮುಳ್ಳಿನ ಪ್ರಯೋಗ. ನಮ್ಮ ರಕ್ಷಣಾ ಕೋಶಗಳ ದೊಡ್ಡ ಪಾಲು ಇರುವುದು ಕರುಳಿನ ಗೋಡೆಯಲ್ಲೇ. ಅಲ್ಲಿನ ಬ್ಯಾಕ್ಟೀರಿಯಾಗಳ ಒಡನಾಟದಲ್ಲಿ ಅವು ಪಳಗುತ್ತವೆ. ಹಾಗಾಗಿ ಹೊಟ್ಟೆಯಲ್ಲಿ ಆದ ಬದಲಾವಣೆ ಶ್ವಾಸಕೋಶದವರೆಗೂ ಮುಟ್ಟಬಹುದು.

ಇದಕ್ಕೆ ಬಲವಾದ ಪುರಾವೆ ನಮ್ಮ ದೇಶದಲ್ಲೇ ಸಿಕ್ಕಿದೆ. ಒಡಿಶಾದ ಹಳ್ಳಿಗಳಲ್ಲಿ 4,500ಕ್ಕೂ ಹೆಚ್ಚು ನವಜಾತ ಶಿಶುಗಳ ಮೇಲೆ ಪಿನಾಕಿ ಪಾಣಿಗ್ರಾಹಿ ತಂಡ ನಡೆಸಿದ ಪ್ರಯೋಗ 2017ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು. ಅರ್ಧ ಶಿಶುಗಳಿಗೆ ಏಳು ದಿನ ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟರಮ್ ಮತ್ತು ಅದಕ್ಕೆ ಆಹಾರವಾಗುವ ಒಂದು ಬಗೆಯ ಸಕ್ಕರೆ ಕೊಟ್ಟರು. ಇಂಥ ಆಹಾರವೇ ಪ್ರಿಬಯೋಟಿಕ್. ಈರುಳ್ಳಿ, ಬೆಳ್ಳುಳ್ಳಿ, ಬಾಳೆಹಣ್ಣಿನಲ್ಲೂ ಇದೆ. ರಕ್ತದ ಸೋಂಕು ಮತ್ತು ಸಾವು ಎರಡನ್ನೂ ಸೇರಿಸಿ ಲೆಕ್ಕ ಹಾಕಿದರೆ ಈ ಗುಂಪಿನಲ್ಲಿ ಶೇ 40ರಷ್ಟು ಕಡಿಮೆ. ಶ್ವಾಸಕೋಶದ ಸೋಂಕೂ ಇಳಿಯಿತು.

ಹಾಗೆಂದು ಎಲ್ಲ ಬಾಟಲಿಯಲ್ಲೂ ಆ ಗುಣ ಇರುವುದಿಲ್ಲ. ತಳಿ ಬದಲಾದರೆ ಫಲವೂ ಬದಲು. ಗಂಟಲು, ಮೂಗಿನ ಸೋಂಕಿನ ಬಗ್ಗೆ ಅಷ್ಟಿಷ್ಟು ಪುರಾವೆ ಇದೆ. ಮನಸ್ಸು, ಚರ್ಮದ ಬಗ್ಗೆ ಇರುವವು ಹೆಚ್ಚಾಗಿ ಚಿಕ್ಕ ಚಿಕ್ಕ ಅಧ್ಯಯನಗಳು. ಮನೆಯ ಹೆಪ್ಪಿನಲ್ಲಿ ಯಾವ ತಳಿ ಇದೆ ಎಂದು ಅಮ್ಮನಿಗೂ ಗೊತ್ತಿರುವುದಿಲ್ಲ. ದುಡ್ಡು ಕೊಟ್ಟು ಬಾಟಲಿ ಕೊಳ್ಳುವುದಾದರೆ ಲೇಬಲ್ ಮೇಲೆ ತಳಿಯ ಪೂರ್ತಿ ಹೆಸರು ಇದೆಯೇ, ಅದೇ ತಳಿಯನ್ನು ಮನುಷ್ಯರ ಮೇಲೆ ಪರೀಕ್ಷಿಸಿದ್ದಾರೆಯೇ ಎಂದು ನೋಡಿ.